ದಂಡೆಯ ಹಲಗೆ

೨ ಜೂನ್ ೧೯೮೬, ಬೆಳಿಗ್ಗೆ

ಹಳ್ಳಕ್ಕೆ ಅಡ್ಡ ಕಟ್ಟಿದ ಬಾಂದಾರದ, ನೀರು ತಡೆಯುವ ಹಲಗೆ ಎಣಿಸಿದೆ. ಸರಿ ಇವೆ. ಮತ್ತೊಮ್ಮೆ ಎಣಿಸಿದೆ. ಮೇಲೆ ಎಲ್ಲೋ ಮಳೆ, ಹಳ್ಳ ಕೆಂಪಾಗಿದೆ. ಕೆಳಗೆ ಬಾಳೆ ಮೀನು ಬಂದು ನಿಂತಿವೆ, ಹೊಟ್ಟೆ ತುಂಬ ತತ್ತಿ. ಹಾರುತ್ತವೆ, ಹಲಗೆಗೆ ಬಡಿದು ಬೀಳುತ್ತವೆ. ಹಲಗೆ ತೆಗೆಯುವ ಆರ್ಡರ್ ಹದಿನೈದಕ್ಕೆ. ಅಲ್ಲಿತನಕ ಮುಟ್ಟುವಂತಿಲ್ಲ. ಮುಟ್ಟಿದರೆ ವಾಚಮನ್ ಕೆಲಸ ಹೋಯಿತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಇದು ಸಿಕ್ಕಿದ್ದೇ ದೊಡ್ಡದು.

ಸಂಜೆ

ಅಕ್ಕ ಮಾಯವ್ವನ ಗಂಡ ಗಿರಿಮಲ್ಲಪ್ಪ ಮಾವ ಬಂದಿದ್ದ. ಬಾಂದಾರದ ಮೇಲಿನ ಹಳ್ಳದಲ್ಲಿ ಬಲೆ ಬೀಸುವವ. ಬಾಂದಾರ ಕಟ್ಟಿ ಎರಡು ವರ್ಷ, ಬಾಳೆಯ ಒಂದು ಮರಿಯೂ ಸಿಕ್ಕಿಲ್ಲ.

"ತತ್ತಿ ಇಡಾಕ ಬರೂ ಮೀನಕ್ಕ ಬಾಗಲಾ ಹಾಕಿ ಕುಂತಿಯಲ್ಲೋ, ಪರಸಪ್ಪ ಸಾಹೇಬ. ಈ ವರ್ಷನೂ ಹಿಂಗಾದ್ರ ನಿಮ್ಮಕ್ಕನ್ನ ಕರಕೊಂಡು ಗೋವಾಕ್ಕ ದುಡಿಯಾಕ ಹೋಗ್ತೇನಿ."

ನಕ್ಕೇ ಹೇಳಿದ. ಆದರೆ ಚಹಾ ಮುಟ್ಟಲಿಲ್ಲ.

೪ ಜೂನ್, ನಸುಕು

ನಡುವಿನ ಕಂಡಿಯ ಎರಡು ಹಲಗೆ ಎತ್ತಿದೆ. ಕೊಕ್ಕೆ ಎರಡು ಸಲ ಜಾರಿತು. ನೀರು ಧೋ ಎಂದು ನುಗ್ಗಿತು. ಏರಲು ಬಂದ ಮೀನನ್ನು ಎತ್ತಿ ಒಗೆಯಿತು. ಒಂದು ಮೀನು ಕಲ್ಲಿಗೆ ಬಿದ್ದು ಹೊಟ್ಟೆ ಒಡೆಯಿತು. ತತ್ತಿಯೆಲ್ಲ ನೀರಿಗೆ... ನಾನೇ ಕೊಂದೆ. ಹಲಗೆ ಮತ್ತೆ ಇಳಿಸಿದೆ.

ಮಾವನಿಗೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ.

"ನಡಬರಕ ತೆಗದ್ರ ಹೆಂಗ ಏರ್ತಾವಲೇ, ಹುಚ್ಚಾ? ಮೀನ ದಂಡಿ ಹಿಡದು ಬರ್ತಾವು. ದಂಡಿ ಕಂಡಿ ತೆಗಿ. ಕೆಳಗ ಚೀಲದಾಗ ಕಲ್ಲು ತುಂಬಿ ಮೆಟ್ಟಲಾ ಮಾಡೂಣು."

ಆ ದಂಡೆಗೇ, ಬಾಂದಾರದ ಮೇಲ್ಗಡೆ, ಹೊಲದ ಮಾಲೀಕ ಅಂದಾನೆಪ್ಪನವರ ಕಬ್ಬಿಗೆ ನೀರೆತ್ತುವ ಪಂಪು. ನೀರು ಗೇಣು ಇಳಿದರೆ ಗಾಳಿ ಎಳೆಯುತ್ತದೆ. ಮೊನ್ನೆಯೇ ಅಂದಿದ್ದಾರೆ: "ಒಂದ ಹಲಗಿ ಅಳ್ಳಾಡಿದ್ರೂ ನೀರಾವರಿ ಆಫೀಸಿಗೆ ಹೋಗಾಂವ ನಾ, ನೆನಪಿರಲಿ."

೯ ಜೂನ್, ಮಧ್ಯಾಹ್ನ

ಇನ್ನು ತಡೆಯಲಾಗಲಿಲ್ಲ. ನಿನ್ನೆ ಕೆಳಗಿನ ಊರವರು ಬುಟ್ಟಿ ತಂದು ಮೀನು ಬಾಚತೊಡಗಿದರು. ಹೀಗಾದರೆ ಹದಿನೈದಕ್ಕೆ ಏರಲು ಏನು ಉಳಿಯುತ್ತದೆ?

ಬೆಳಿಗ್ಗೆ ಮಾವ, ನಾನು ಕಲ್ಲಿನ ಚೀಲ ಒಟ್ಟಿದೆವು. ದಂಡೆಯ ಎರಡು ಹಲಗೆ ತೆಗೆದೆ. ಮೊದಲನೆಯ ಮೀನು ಒಂದು ಮೆಟ್ಟಿಲು ಏರಿ ಸುಮ್ಮನೆ ನಿಂತಿತು. ಮತ್ತೊಂದು ಮೆಟ್ಟಿಲು. ಬಾಲ ಬಡಿದು ಒಳಗೆ ಹೋಯಿತು. ಮೇಲೆ ನಿಂತ ಅಕ್ಕ, ಏರಿತು ಎಂದು ಕೈ ಎತ್ತಿ ತೋರಿಸಿದಳು.

ಪಂಪು ಕೆಮ್ಮುತ್ತಿದೆ.

ನಿಂತಿತು.

ದಂಡೆಯ ಮೇಲೆ ಅಂದಾನೆಪ್ಪನವರು ಬಿರಬಿರನೆ ಬರುತ್ತಿದ್ದಾರೆ. "ಹಲಗಿ ಇಳಸಲೇ ಪರಸ್ಯಾ" ಎಂದು ಕೂಗು. ತೆಗೆದ ಹಲಗೆಯ ಮೇಲೇ ಕುಂತು ಬರೆಯುತ್ತಿದ್ದೇನೆ. ಎದ್ದಿಲ್ಲ. ಹದಿನಾರು ಏರಿದವು. ಇನ್ನೊಂದು ಮೇಲಿನ ಮೆಟ್ಟಿಲಲ್ಲಿ ನಿಂತಿದೆ... ಅವರ ಚಪ್ಪಲಿ ಕಾಣುತ್ತಿದೆ. ಹದಿನೇಳು—