ಸಮುದ್ರ ಯಾರಿಗೆ ಇಷ್ಟ?

ವಿದೇಶಿ ನಿವಾಸಿಗಳ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಹೆಂಡತಿ ನನ್ನ ಹೆಂಡತಿಯಲ್ಲ ಎಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಈ ತಿಂಗಳ ಕೊನೆಗೆ ಅವಳು ನಿಮ್ಮ ನಗರ ಬಿಟ್ಟು ಹೊರಡಬೇಕು. ಕೆಲಸದ ಪರವಾನಗಿಯಿರುವ ನಾನು ಮಾತ್ರ ಇರಬಹುದು. ನಿಮ್ಮ ಭಾಷೆಯಲ್ಲಿ ಮೇಲ್ಮನವಿ ಸಲ್ಲಿಸಿ ಆಗಿದೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ನನ್ನ ಭಾಷೆಯಲ್ಲಿ, ನನ್ನ ಜನರೆದುರು ಹೇಳುತ್ತಿದ್ದೇನೆ. ಬೇಕೆನಿಸಿದರೆ ಓದಿಸಿಕೊಳ್ಳಿ, ನಿಮ್ಮಲ್ಲಿ ದುಭಾಷಿಗಳಿಗೆ ಕೊರತೆಯಿಲ್ಲ.

ನಾವು ಬಂದು ಇನ್ನೂ ಒಂದು ಚಳಿಗಾಲವೂ ಕಳೆದಿಲ್ಲ. ನಾನು ಬಂದರಿನ ಶೀತಲ ಉಗ್ರಾಣದಲ್ಲಿ ಯಂತ್ರ ರಿಪೇರಿ ಮಾಡುವವನು. ಹಗಲೆಲ್ಲ ಮೀನಿನ ಪೆಟ್ಟಿಗೆಗಳ ನಡುವೆ. ಅವಳು ಮನೆಯಲ್ಲೇ ಕೂತು ಪರದೆಗಳಿಗೆ ಅಂಚು ಹೊಲಿಯುತ್ತಾಳೆ, ಯಾರದೋ ಪ್ಯಾಂಟುಗಳನ್ನು ಗಿಡ್ಡ ಮಾಡುತ್ತಾಳೆ. ಕೋಣೆಗಿರುವ ಒಂದೇ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಇಲ್ಲಿ ಒಗೆದ ಬಟ್ಟೆ ಪೂರ್ತಿ ಒಣಗುವುದಿಲ್ಲ, ಉಪ್ಪು ಡಬ್ಬಿಯಲ್ಲೇ ನೀರೊಡೆಯುತ್ತದೆ, ಅವಳ ಕತ್ತರಿಗೆ ಬಂದ ಹೊಸತರಲ್ಲೇ ತುಕ್ಕು ಹಿಡಿಯಿತು. ಸಮುದ್ರದ ಪಕ್ಕ ಮನೆ, ಪುಣ್ಯವಂತರು ನೀವು ಎಂದು ನೆಂಟರು ಫೋನಿನಲ್ಲಿ ಹೊಗಳಿದಾಗ ಇಬ್ಬರೂ ಹೂಂಗುಟ್ಟುತ್ತಿದ್ದೆವು. ಅವಳ ಹೂಂ ನಾನು ನಂಬಿದೆ, ನನ್ನದನ್ನು ಅವಳು. ಸಂಜೆಯಾದರೆ ದಂಡೆಯ ಕಲ್ಲುಬೆಂಚಿನ ಮೇಲೆ ಹೋಗಿ ಕೂರುತ್ತಿದ್ದೆವು. ಅವಳು ಕಿವಿಗೆ ಶಾಲು ಸುತ್ತಿಕೊಂಡಿರುತ್ತಿದ್ದಳು, ನಾನು ಮಂಡಿ ನೀವಿಕೊಳ್ಳುತ್ತಿದ್ದೆ.

ನಿಮ್ಮವರು ನಮ್ಮನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳಿದರು. ಒಟ್ಟಿಗೆ ಬಾಳುವವರ ಉತ್ತರಗಳೂ ಒಂದೇ ಇರಬೇಕೆಂಬುದು ನಿಮ್ಮ ಶಾಸ್ತ್ರ. ಬಾಗಿಲಿನ ಬಣ್ಣ ತಾಳೆಯಾಯಿತು, ಮದುವೆಯ ತಾರೀಖು ತಾಳೆಯಾಯಿತು. ಸಂಜೆ ದಂಡೆಗೆ ಹೋಗುವುದು ಯಾರ ಇಷ್ಟಕ್ಕೆ ಎಂದು ಕೇಳಿದರು. ಅವಳಿಗೆ ಸಮುದ್ರವೆಂದರೆ ಪ್ರಾಣ, ನನಗೆ ಆ ಗಾಳಿಯೇ ಆಗದು ಎಂದೆ. ಗೋಡೆಯಾಚೆ ಅವಳು, ಗಂಡನಿಗೆ ಸಮುದ್ರವೆಂದರೆ ಪ್ರಾಣ, ತನಗೆ ಕಿವಿನೋವು ಎಂದಿದ್ದಳು. ಇಬ್ಬರಲ್ಲೊಬ್ಬರು ಸುಳ್ಳುಗಾರರು, ಆದ್ದರಿಂದ ಇದು ಮದುವೆಯಲ್ಲ ಎಂದು ಆದೇಶ ಹೊರಟಿತು.

ಎಂಥ ಅಚ್ಚುಕಟ್ಟಾದ ತರ್ಕ! ಮಾನ್ಯರೇ, ತಮಗೆ ಮದುವೆಯಾಗಿದೆಯೇ? ನಾವು ಕಳ್ಳ ದಂಪತಿಯಾಗಿದ್ದರೆ ಮೊದಲೇ ಕೂತು ಉತ್ತರ ಹೊಂದಿಸಿಕೊಂಡು ಬರುತ್ತಿರಲಿಲ್ಲವೇ? ಬಹುಕಾಲ ಒಂದೇ ಸೂರಿನಡಿ ಉಂಡವರಲ್ಲದೆ ಬೇರೆ ಯಾರು, ಇನ್ನೊಬ್ಬರ ಮನಸ್ಸನ್ನು ಕೇಳದೆಯೇ ಬಲ್ಲೆವೆಂದು ಇಷ್ಟು ಧೈರ್ಯವಾಗಿ ತಪ್ಪು ತಿಳಿದಾರು? ನಿಮಗೆ ಬೇಕಿದ್ದ ಪುರಾವೆ ಅದೇ ಆಗಿತ್ತು.

ಆದೇಶ ಕೈಗೆ ಬಂದ ದಿನ ಬಸ್ ನಿಲ್ದಾಣದಲ್ಲಿ ಅವಳು ಕೇಳಿದಳು: "ಅಲ್ಲಾ ರೀ, ನಿಮಗೆ ಇಷ್ಟ ಅಂತ ತಾನೆ ನಾನು ದಂಡೆಗೆ ಬರ್ತಿದ್ದಿದ್ದು?"

"ಇಷ್ಟ ಅಂತ ನಾನು ಯಾವಾಗ ಹೇಳಿದೆ?"

"ನೀವು ಯಾವುದನ್ನ ಬಾಯಿಬಿಟ್ಟು ಹೇಳಿದೀರಿ? ಊಟಕ್ಕೆ ಉಪ್ಪು ಕಮ್ಮಿ ಆದ್ರೂ ನಿಮ್ಮ ಮುಖ ನೋಡಿ ತಿಳ್ಕೋಬೇಕು ನಾನು."

ನಕ್ಕೆವು. ಬಸ್ ಬಂತು, ಹತ್ತಿದೆವು. ಅಂದಿನಿಂದ ದಂಡೆಗೆ ಹೋಗಿಲ್ಲ. ಹೋಗಲು ಈಗ ಇಬ್ಬರಿಗೂ ಕಾರಣವಿಲ್ಲ. ನಿಮ್ಮ ವಿಚಾರಣೆ ಮಾತ್ರ ನಮ್ಮ ಮನೆಯಲ್ಲಿ ಮುಂದುವರಿದಿದೆ. ಚಹಾ ತಂದಿಟ್ಟು, ನಿಜವಾಗಿಯೂ ಬೇಕಿತ್ತೇ ಎಂದು ಕೇಳುತ್ತಾಳೆ. ಕಿಟಕಿ ಮುಚ್ಚಲು ಎದ್ದವನು ನಾನೂ ಅವಳನ್ನು ಕೇಳಿ ಮುಚ್ಚುತ್ತೇನೆ. ಇಬ್ಬರ ಉತ್ತರಗಳೂ ಈಗ ಸರಿಯಾಗಿವೆ.

ಕೆಲಸ ಬಿಟ್ಟು ಜೊತೆಗೇ ಬರುತ್ತೇನೆ ಎಂದೆ. ಒಪ್ಪಲಿಲ್ಲ. "ನೀವು ಇರಿ. ಈ ಕೆಲಸ ನಿಮಗೆ ಇಷ್ಟ ಅಲ್ವಾ" ಎಂದಳು. ಇಷ್ಟವೆಂದು ಯಾವತ್ತೂ ಹೇಳಿದ ನೆನಪಿಲ್ಲ. ಅವಳಿಗೆ ಊರಿಗೆ ಮರಳುವ ಆಸೆಯಿರಬೇಕು ಎಂದುಕೊಂಡು ನಾನೂ ‘ಇರು’ ಎನ್ನಲಿಲ್ಲ. ಅದನ್ನೂ ಅವಳು ಹೇಳಿದ್ದಲ್ಲ.

ಆದ್ದರಿಂದ ನನ್ನ ಒತ್ತಾಯವಿಷ್ಟೇ: ಆ ಆದೇಶವನ್ನು ರದ್ದುಮಾಡಿ. ಅವಳು ಹೋಗುವುದೇ ಆದರೆ ಹೋಗಬೇಕೆನಿಸಿ ಹೋಗಲಿ, ನಿಮ್ಮ ಮೊಹರಿಗೆ ಅಂಜಿಯಲ್ಲ. ಇರುತ್ತೀಯಾ ಎಂದು ನಾನು ಅವಳನ್ನು ಕೇಳಬೇಕಾಗಿದೆ. ಇರುವುದಕ್ಕೇ ಅನುಮತಿಯಿಲ್ಲದವಳನ್ನು ಹಾಗೆ ಕೇಳುವುದು ಹೇಗೆ?

ಇಂತಿ,
ನಿಮ್ಮ ಕಡತದ ಪ್ರಕಾರ ಅವಿವಾಹಿತನಾದ
ಅವಳ ಗಂಡ