ಗೂಡಿಗೆ ಹಾಕದ ಕಲ್ಲುಗಳು

ಅಪ್ಪಾ,

ನೀನು ಹೋಗಿ ಮೂರು ವರ್ಷವಾಯಿತು. ಇದ್ದಿದ್ದರೂ ಇದನ್ನು ನಾನೇ ಓದಿ ಹೇಳಬೇಕಿತ್ತು. ಆದರೂ ನಿನ್ನೆಯ ಸುದ್ದಿ ನಿನಗೆ ಹೇಳದೆ ಇರಲಾರೆ.

ಅಜ್ಜಂಪುರದಾಚೆಯ ನಮ್ಮ ಹಳ್ಳಕ್ಕೆ ನಮ್ಮ ಕಾಲೇಜಿನ ಭೂವಿಜ್ಞಾನದ ಮೇಡಂ ಬಂದಿದ್ದರು. ನೀನು ಸುಣ್ಣದ ಗೂಡಿಗೆ ಹಾಕದೆ ತೆಗೆದಿಡುತ್ತಿದ್ದೆಯಲ್ಲ, ಬೋರಲಿಟ್ಟ ಬಟ್ಟಲಿನಂಥ, ಪದರ ಪದರದ ಪುಟ್ಟ ಕಲ್ಲುಗಳು, ಅವು ಇರುವ ಬಂಡೆ ತೋರಿಸಿದೆ.

"ಇವು ಪಳೆಯುಳಿಕೆ ಅಂತ ಹೇಗೆ ಹೇಳ್ತೀಯ? ಬರೀ ಬಣ್ಣದ ಪಟ್ಟೆ ಇರಬಹುದಲ್ಲ?" ಎಂದರು.

ಓದಿದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ನಾನು ಚಿಕ್ಕವಳಿದ್ದಾಗ ನೀನು ಹೇಳುತ್ತಿದ್ದ ಮಾತು. "ನೋಡಿ ಮೇಡಂ, ಎಲ್ಲಾ ಉಬ್ಬೂ ಒಂದೇ ಕಡೆಗೈತೆ. ಬೆಳಕಿನ ಕಡೆ ಮುಖ ಮಾಡಿ ಬೆಳೆದಾವೆ."

ಮಸೂರ ಹಿಡಿದು ಬಹಳ ಹೊತ್ತು ನೋಡಿದರು. ಇಲ್ಲಿ ಸಮುದ್ರವಿದ್ದ ಕಾಲದಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳೇ ಇವು ಎಂದರು. "ಯಾರಮ್ಮ ಹೇಳಿಕೊಟ್ಟಿದ್ದು?"

"ನಮ್ಮಪ್ಪ, ಕೆಂಚಪ್ಪ. ಸುಣ್ಣ ಸುಡ್ತಿದ್ರು."

ಅವರ ಟಿಪ್ಪಣಿ ಪುಸ್ತಕದಲ್ಲಿ ಮೊದಲು ನಿನ್ನ ಹೆಸರು ಬಿತ್ತು, ಆಮೇಲೆ ನನ್ನದು. ಅದನ್ನು ನೋಡುತ್ತ ಎದೆಯುಬ್ಬಿಸಿ ನಿಂತಿದ್ದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನನ್ನ ಗೆಳತಿಯರ ಮುಂದೆ ನೀನು, "ಬೆಳೆದಿರೋದನ್ನ ಸುಡಬಾರ್ದು ಕಣವ್ವ" ಎಂದಿದ್ದೆ. "ಕಲ್ಲು ಎಲ್ಲಾದ್ರೂ ಬೆಳೀತದೇನಪ್ಪಾ, ಸುಮ್ನಿರು" ಎಂದುಬಿಟ್ಟೆ. ನೀನು ಮತ್ತೆಂದೂ ಆ ಮಾತೆತ್ತಲಿಲ್ಲ.

ಮೇಡಂ ಅವರನ್ನು ಬಸ್ಸು ಹತ್ತಿಸಿ, ಪಾಳುಬಿದ್ದ ಗೂಡಿನ ಹಿಂದಕ್ಕೆ ಹೋದೆ. ತುಂಬೆಗಿಡಗಳ ನಡುವೆ ನಿನ್ನ ಕಲ್ಲುಗಳು ಸಾಲಾಗಿ ಕೂತಿವೆ. ಒಂದನ್ನೂ ನೀನು ತಲೆಕೆಳಗಾಗಿ ಇಟ್ಟಿಲ್ಲಪ್ಪಾ. ಎಲ್ಲವೂ ಬೆಳಕಿಗೆ ಮುಖ ಮಾಡಿವೆ.