ಒಳಚಿಲಕ

ಕುಷಾಯಿಗೂಡ, ಹೈದರಾಬಾದ್
೧೩ ಜುಲೈ ೨೦೨೪, ಶನಿವಾರ

ಪ್ರೀತಿಯ ವೇದವತಿಗೆ,

ಅತ್ತೆಯವರು ಊರುಗೋಲಿಲ್ಲದೆ ನಡೆಯಲಾರಂಭಿಸಿದರೇ? ನೋವೆಂದು ವ್ಯಾಯಾಮ ಬಿಡದಂತೆ ನೋಡಿಕೋ. ಅವರ ಆರೈಕೆಯಲ್ಲಿ ನಿನ್ನ ಊಟ ತಪ್ಪದಿರಲಿ. ನಾನು ಸೌಖ್ಯ, ಸಾರು ಮಾಡಲು ಮಾತ್ರ ನಿನ್ನ ಕೈ ಬೇಕೆನಿಸುತ್ತದೆ.

ಕಾರ್ಖಾನೆ ಬಿಟ್ಟ ಮೇಲೆ ಸೇರಿದ ಈ ಗೃಹಸಾಮಗ್ರಿ ಮಳಿಗೆಯಲ್ಲಿ ಬಾಗಿಲಿನ ಸಾಮಾನುಗಳ ವಿಭಾಗ ನನಗೆ ಹಿಡಿಸಿದೆಯೆಂದು ಹೇಳಿದ್ದೆನಲ್ಲ. ಮೊನ್ನೆ ಅಲ್ಲಿಗೆ ಯಂಕಮ್ಮ ಎಂಬಾಕೆ ಬಂದಳು. ಲಿಂಗಸುಗೂರಿನ ಕಡೆಯವಳು, ಹತ್ತಿರದ ಕಟ್ಟಡದಲ್ಲಿ ಕೂಲಿ. "ಚಿಲಕ ಬೇಕ್ರಿ" ಎಂದಳು. ಮಳಿಗೆಯ ನನ್ನ ಜೊತೆಗಾರ ಮಹೇಶಕುಮಾರ, "ಚಿಲಕನಾ? ಮುರ್ಗಿ ಚೌಕ್ ಪೋ ಅಮ್ಮಾ!" ಎಂದು ನಕ್ಕ. ತೆಲುಗಿನಲ್ಲಿ ಚಿಲಕ ಎಂದರೆ ಗಿಳಿ. ಮುರ್ಗಿ ಚೌಕ್ ಹಕ್ಕಿ ಮಾರುವ ಪೇಟೆ. ಆಕೆ ನಗಲಿಲ್ಲ. "ಅಲ್ಲಿ ಸಿಗತೈತೇನ್ರಿ? ಯಾವ ಬಸ್ಸಿಗೆ ಹೋಗಬೇಕ್ರಿ?" ಎಂದಳು. ಇಷ್ಟು ವರ್ಷ ಎರಡೂ ಭಾಷೆಗಳ ನಡುವೆ ಇದ್ದೂ ಈ ಎರಡು ಪದಗಳು ಎದುರುಬದುರಾದದ್ದನ್ನು ನಾನು ಕಂಡಿರಲಿಲ್ಲ. ಕನ್ನಡದಲ್ಲಿ ವಿಷಯ ತಿಳಿಸಿದೆ. "ಅಯ್ಯ, ಗಿಳಿ ಸಾಕೂ ಅಷ್ಟು ಜಾಗಾ ಎಲ್ಲೈತ್ರಿ ಅಣ್ಣಾರ!" ಎಂದಳು.

ಆಕೆಗೆ ಬೇಕಾದದ್ದು ಕಟ್ಟಡದ ಬಳಿ ತಾನಿರುವ ತಗಡಿನ ಶೆಡ್ಡಿಗೆ ಒಳಚಿಲಕ. ಮೇಸ್ತ್ರಿ ಹೊರಗಷ್ಟೇ ಇಡಿಸಿದ್ದಾನೆ. ಒಳಗೆ ಜನ ಮಲಗುತ್ತಾರೆಂದು ಅವನು ಎಣಿಸಿಯೇ ಇರಲಿಲ್ಲವೇ, ತಿಳಿಯದು. ಗಂಡ ಊರಿಗೆ ಹೋಗಿದ್ದಾನೆ. ಬೆಳೆದ ಮಗಳೊಂದಿಗೆ ಇವಳೊಬ್ಬಳೇ. ಕತ್ತಲಾದ ಮೇಲೆ ಯಾರೋ ಬಾಗಿಲು ದೂಡಿ ನೋಡುತ್ತಾರಂತೆ. "ಅಕ್ಕಿ ಡಬ್ಬಿ ಅಡ್ಡ ಇಟ್ಟು ಮಲಗತೀವ್ರಿ" ಎಂದಳು.

ಚಿಲಕ ಕೊಟ್ಟು ಕಳಿಸಿದೆ. ಆದರೆ ತೆಳು ತಗಡಿಗೆ ಸ್ಕ್ರೂ ಹಿಡಿಯುವುದಿಲ್ಲ. ಹಿಂದೆ ಮರದ ಪಟ್ಟಿ ಕೊಟ್ಟು ಬೋಲ್ಟು ಬಿಗಿಯಬೇಕು, ಅದಕ್ಕೆ ಡ್ರಿಲ್ ಬೇಕು. ಗ್ರಾಹಕರಲ್ಲಿಗೆ ಹೋಗಿ ಜೋಡಿಸುವುದು ನಮಗೆ ನಿಷಿದ್ಧ. ಜೋಡಿಸದ ಚಿಲಕ ಆಕೆಯ ಕೈಯಲ್ಲಿ ಬರೀ ಕಬ್ಬಿಣವಲ್ಲವೇ ಎಂದು ಯೋಚಿಸುತ್ತಲೇ ಇದ್ದೇನೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಮನೆಯ ಮಕ್ಕಳಿಗೆ ಆಶೀರ್ವಾದ.

ನಿನ್ನ
ಗೋಪಿನಾಥ

ಭಾನುವಾರ, ಲಕೋಟೆ ಅಂಟಿಸುವ ಮುನ್ನ: ನಿನ್ನೆ ಸಂಜೆ ಕೆಲಸ ಮುಗಿಸಿ, ನನ್ನ ಡ್ರಿಲ್ ಒಯ್ದು ಯಂಕಮ್ಮನ ಚಿಲಕ ಜೋಡಿಸಿ ಬಂದೆ. ಮಳಿಗೆಯ ಅಂಗಿಯಲ್ಲೇ ಹೋದದ್ದು ತಪ್ಪಾಯಿತು. ಮೇಸ್ತ್ರಿ ಗುರುತಿಸಿ ದೂರು ಕೊಟ್ಟಿದ್ದಾನೆ. ನಾಳೆ ಮ್ಯಾನೇಜರ್ ಕರೆದಿದ್ದಾರೆ. ಕೆಲಸ ಹೋದರೂ ಹೋಗಬಹುದು. ಬೇರೆಯವರಿಂದ ನಿನಗೆ ತಿಳಿಯಬಾರದು. ತಾಯಿ ಮಗಳು ಒಳಗಿನಿಂದ ಚಿಲಕ ಹಾಕಿಕೊಂಡರು. ನಾನು ಹೊರಗಿನಿಂದ ಭುಜ ಕೊಟ್ಟು ತಳ್ಳಿದೆ. ಬಾಗಿಲು ಅಲುಗಲಿಲ್ಲ. ಒಳಗೆ ಹುಡುಗಿ ನಗುತ್ತಿದ್ದಳು: "ಇನ್ನೊಮ್ಮೆ ದೂಡ್ರಿ ಕಾಕಾ!"